ನೂರರವರೆಗೆ ಹೇಳುತ್ತೆ, ನಾಲ್ಕು ಈರುಳ್ಳಿ ತರಲ್ಲ

ಜೂನ್ ಬಂತು ಅಂದರೆ ಹಳ್ಳಿ ಹಳ್ಳಿಗೂ ಹಳದಿ ವ್ಯಾನು. ಮೂರೂವರೆ ವರ್ಷದ ಮಗು, ಕೊರಳಲ್ಲಿ ಟೈ. ಎಲ್‌ಕೆಜಿ ಫೀಸಿಗೆ ಅವ್ವ ಸಂಘದಲ್ಲಿ ಸಾಲ ಎತ್ತಿರುತ್ತಾಳೆ. ಸಂಜೆ ನೆಂಟರು ಬಂದರೆ ಮಗುವನ್ನು ಮುಂದೆ ನಿಲ್ಲಿಸಿ ‘ಒನ್ ಟೂ ಹೇಳು ಮಗ’ ಅನ್ನುತ್ತೇವೆ. ಅದು ಹಂಡ್ರೆಡ್‌ವರೆಗೆ ಒಂದೇ ಉಸಿರಿಗೆ ಹೇಳುತ್ತೆ. ಎಲ್ಲರ ಚಪ್ಪಾಳೆ.

ಅದೇ ಮಗುವಿಗೆ ‘ನಾಲ್ಕು ಈರುಳ್ಳಿ ತಾ’ ಅನ್ನಿ. ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟು ತರುತ್ತವೆ. ತಪ್ಪು ಮಗುವಿನದಲ್ಲ. ನಾವು ಬಾಯಿಪಾಠ ಮಾಡಿಸಿದ್ದೇವೆ, ಲೆಕ್ಕ ಕಲಿಸಿಲ್ಲ. ಒಂದು ಈರುಳ್ಳಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನೋದು. ಇದು ತಲೆಗೆ ಇಳಿಯದೆ ಕೂಡೋದು ಕಳೆಯೋದು ಹೇಗೆ ಬಂದೀತು?

‘ನಮಗೇ ಓದು ಬರಲ್ಲ, ನಾವೇನು ಕಲಿಸೋದು ಸಾರ್?’ ವರದಿಗೆ ಹೋದ ಕಡೆಯೆಲ್ಲ ಈ ಮಾತು ಕೇಳುತ್ತೇನೆ. ಒಪ್ಪಲ್ಲ. ಚೌಕಾಬಾರ ಆಡಿಲ್ಲವೇ ನೀವು? ಕವಡೆ ಎಷ್ಟು ಬಿತ್ತು ಅಂತ ನೋಡಿ ಅಷ್ಟೇ ಮನೆ ಕಾಯಿ ನಡೆಸೋದಕ್ಕಿಂತ ಒಳ್ಳೆಯ ಗಣಿತದ ಪಾಠ ಯಾವ ವ್ಯಾನಿನ ಸ್ಕೂಲಲ್ಲಿದೆ? ಅಳಗುಳಿ ಮಣೆಯ ಹದಿನಾಲ್ಕು ಗುಳಿಗೆ ಹುಣಸೆ ಬೀಜ ಹಂಚೋದು, ರಾತ್ರಿ ಊಟಕ್ಕೆ ಎಷ್ಟು ಜನ, ಎಷ್ಟು ತಟ್ಟೆ ಅಂತ ಕೇಳೋದು, ಬಾಗಿಲ ಮುಂದಿನ ರಂಗೋಲಿಯ ಚುಕ್ಕಿ. ಇದಕ್ಕೆಲ್ಲ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿಲ್ಲ.

ಓದಿನ ಕಥೆಯೂ ಇದೇ. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ತುರುಕಿ ಎರಡು ಪುಟ ‘ಎ’ ಬರೆಸುತ್ತಾರೆ, ಬರೆಯದಿದ್ದರೆ ಮನೆಯಲ್ಲಿ ಏಟು. ಆ ಬೆರಳು ಮೊದಲು ಅವರೆಕಾಯಿ ಸುಲಿಯಲಿ, ಹಿಟ್ಟು ನಾದಲಿ. ಓದೋದು ಶುರುವಾಗೋದು ಕಿವಿಯಿಂದ. ಮನೆ, ಮರ, ಮಳೆ ಮೂರರಲ್ಲೂ ಮೊದಲು ‘ಮ’ ಕೇಳಿತಾ? ಹೊಲಕ್ಕೆ ಹೋಗುವಾಗ ಆಡಬಹುದಾದ ಆಟ. ಅಜ್ಜಿ ಕಥೆ ಹೇಳುತ್ತಾ ‘ಆಮೇಲೆ ಏನಾಯ್ತು?’ ಅಂತ ನಿಲ್ಲಿಸಿದರೆ ಅದೂ ಓದಿಗೆ ತಯಾರಿಯೇ.

ಇಂಗ್ಲಿಷ್ ಬೇಕೆಂಬ ಹಟ ನನಗೂ ಅರ್ಥವಾಗುತ್ತೆ. ಕೆಲಸ ಕೊಡೋರು ಕೇಳೋದು ಅದನ್ನೇ. ಆದರೆ ಮನೆ ಮಾತಿನಲ್ಲೇ ಪದಗಳಿಲ್ಲದ ಮಗುವಿಗೆ ಇಂಗ್ಲಿಷ್ ಯಾವುದರ ಮೇಲೆ ನಿಲ್ಲಬೇಕು?

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಕೂಡ ಅರ್ಥ ಮಾಡಿಕೊಂಡು ಓದೋಕೆ, ಸರಳ ಲೆಕ್ಕ ಮಾಡೋಕೆ ಕೊಟ್ಟಿರೋ ಗಡುವು ಮೂರನೇ ತರಗತಿಯ ಕೊನೆ. ನಾವು ಮೂರನೇ ವರ್ಷಕ್ಕೇ ಫಲಿತಾಂಶ ಕೇಳುತ್ತಿದ್ದೇವೆ. ಹಾಗಂತ ಸರ್ಕಾರವನ್ನು ಸುಮ್ಮನೆ ಬಿಡುವಂತಿಲ್ಲ. ಅಂಗನವಾಡಿ ಟೀಚರ್ ಕೈಗೆ ಪೋಷಣ್ ಟ್ರ್ಯಾಕರ್, ಸರ್ವೆ, ಮತಪಟ್ಟಿ ಎಲ್ಲ ಕೊಟ್ಟು ‘ಮಕ್ಕಳಿಗೆ ಕಲಿಸು’ ಅಂದರೆ ಆಕೆ ಯಾವಾಗ ಕಲಿಸಬೇಕು?

ಫೋನಿನ ವಿಷಯ. ಮಗು ಅತ್ತರೆ ರೀಲ್ಸ್ ಹಾಕಿ ಕೊಡುತ್ತೀರಲ್ಲ, ಅದೇ ಫೋನಿನಲ್ಲಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತೆಗೆಯಿರಿ. ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ. ಓದಲು ಬಾರದಿದ್ದರೆ ಚಿತ್ರ ನೋಡಿ ನಿಮ್ಮದೇ ಕಥೆ ಕಟ್ಟಿ, ಮಗು ತಕರಾರು ಮಾಡಲ್ಲ. ಕಾಗದದ ಪುಸ್ತಕವೇ ಬೇಕಾದರೆ ಗ್ರಾಮ ಪಂಚಾಯಿತಿ ಲೈಬ್ರರಿ ಇದೆ, ಈಗ ಅರಿವು ಕೇಂದ್ರ ಅಂತ ಹೆಸರು. ಅದು ನೀವು ಕೂಲಿಯಿಂದ ಬರೋ ಹೊತ್ತಿಗೆ ತೆಗೆದಿರುತ್ತಾ, ಪುಟ್ಟ ಮಕ್ಕಳ ಪುಸ್ತಕ ಎಷ್ಟಿವೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಕೇಳಿ.