ಬಚ್ಚಲಿನ ನಕ್ಷೆ ಮತ್ತು ಮಹಿಳೆಯ ಆರೋಗ್ಯ

ನಮ್ಮಲ್ಲಿ ಮನೆ ಕಟ್ಟುವಾಗ ಮುಂಬಾಗಿಲಿನ ಮರ, ಹಜಾರದ ಅಗಲ, ನೆಲದ ಗ್ರಾನೈಟ್ ಮುಂತಾದುವುಗಳ ಕುರಿತು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಬಚ್ಚಲು ಮತ್ತು ಶೌಚಾಲಯದ ಸರದಿ ಬರುವುದು ಎಲ್ಲವೂ ಮುಗಿದ ಮೇಲೆ. ಮೆಟ್ಟಿಲಿನ ಕೆಳಗೋ ಎರಡು ಕೋಣೆಗಳ ನಡುವಿನ ಕತ್ತಲೆಯಲ್ಲೋ ಉಳಿದ ಜಾಗವೇ ಅದರ ಪಾಲಿಗೆ ದಕ್ಕುತ್ತದೆ. ಈ ನಿರ್ಧಾರವನ್ನು ಕೈಗೊಳ್ಳುವವರು ಮನೆಯ ಯಜಮಾನ ಮತ್ತು ಮೇಸ್ತ್ರಿ. ಅದರ ಪರಿಣಾಮವನ್ನು ದಿನವೂ ಅನುಭವಿಸುವವಳು ಮಾತ್ರ ಆ ಮನೆಯ ಮಹಿಳೆ. ಆಕೆಯೊಡನೆ ಯಾರೂ ಸಮಾಲೋಚಿಸಿರುವುದಿಲ್ಲ.

ಇದು ಸಂಪಾದಕೀಯಕ್ಕೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಮಹಿಳೆಯರ ಮೂತ್ರನಾಳ ಮತ್ತು ಜನನಾಂಗದ ಸೋಂಕುಗಳನ್ನು ನಾವು ಈವರೆಗೆ ಅವರ ಅಭ್ಯಾಸದ ದೋಷವೆಂದೋ ಅವರ ಸ್ವಂತ ಸಮಸ್ಯೆಯೆಂದೋ ಭಾವಿಸುತ್ತಾ ಬಂದಿದ್ದೇವೆ. ವಾಸ್ತವದಲ್ಲಿ ಅದರ ಬಹುಪಾಲು ಹೊಣೆಯನ್ನು ಗೋಡೆ, ಕಿಟಕಿ ಮತ್ತು ನಲ್ಲಿಗಳು ಹೊರಬೇಕಾಗಿದೆ. ಶುಚಿಯಾಗಿರಬೇಕೆಂದು ಮಹಿಳೆಗೆ ಉಪದೇಶಿಸುವುದು ಸುಲಭ. ಶುಚಿಯಾಗಿರಲು ಸಾಧ್ಯವಾಗುವಂತಹ ಸ್ಥಳವನ್ನು ಆಕೆಗೆ ಒದಗಿಸಿದ್ದೇವೆಯೇ ಎಂಬುದೇ ಮುಖ್ಯ ಪ್ರಶ್ನೆ.

ದೇಹರಚನೆಯ ಒಂದು ಸರಳ ಸಂಗತಿಯನ್ನು ಇಲ್ಲಿ ಗಮನಿಸಬೇಕು. ಪುರುಷನ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ ಮಹಿಳೆಯದು ಸುಮಾರು 4 ಸೆಂಟಿಮೀಟರ್ ಮಾತ್ರ. ಅದರ ದ್ವಾರವೂ ಮಲದ್ವಾರಕ್ಕೆ ಸಮೀಪದಲ್ಲಿದೆ. ಆದ್ದರಿಂದ ಕರುಳಿನಲ್ಲಿರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರಕೋಶವನ್ನು ತಲುಪಲು ಕ್ರಮಿಸಬೇಕಾದ ದಾರಿ ಅತ್ಯಲ್ಪ. ಮೂತ್ರನಾಳದ ಸೋಂಕುಗಳಲ್ಲಿ ಹೆಚ್ಚಿನವುಗಳಿಗೆ ಕಾರಣ ಇದೇ ಬ್ಯಾಕ್ಟೀರಿಯಾ. ಮಹಿಳೆಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕಿಗೆ ಒಳಗಾಗುತ್ತಾರೆ. ಗರ್ಭಿಣಿಯರಲ್ಲಿ ಇದು ಮೂತ್ರಪಿಂಡಕ್ಕೆ ಏರಿದರೆ ಅವಧಿಪೂರ್ವ ಹೆರಿಗೆಗೂ ಕಾರಣವಾಗಬಹುದು. ಸಾಕಷ್ಟು ನೀರು ಕುಡಿಯುವುದು, ಮೂತ್ರವನ್ನು ತಡೆಹಿಡಿಯದಿರುವುದು, ಶೌಚದ ಬಳಿಕ ಮುಂದಿನಿಂದ ಹಿಂದಕ್ಕೆ ತೊಳೆಯುವುದು ಮತ್ತು ತೇವವಿಲ್ಲದಂತೆ ಒರೆಸಿಕೊಳ್ಳುವುದು ವೈದ್ಯರು ನೀಡುವ ಸಾಮಾನ್ಯ ಸಲಹೆಗಳು. ಇವೆಲ್ಲವೂ ಕಟ್ಟಡದೊಂದಿಗೆ ಸಂಬಂಧವುಳ್ಳ ಸಲಹೆಗಳೆಂಬುದು ನಮ್ಮ ಗಮನಕ್ಕೆ ಬಂದಿಲ್ಲ. ನಲ್ಲಿ ಕೈಗೆಟುಕದ ಮೂಲೆಯಲ್ಲಿದ್ದರೆ, ಮಗ್ ಇಡಲು ಒಣ ಜಾಗವಿಲ್ಲದಿದ್ದರೆ, ಕುಳಿತಲ್ಲಿಂದ ತಿರುಗಲೂ ಅವಕಾಶವಿಲ್ಲದಷ್ಟು ಇಕ್ಕಟ್ಟಾಗಿದ್ದರೆ ಸರಿಯಾದ ರೀತಿಯಲ್ಲಿ ತೊಳೆದುಕೊಳ್ಳುವುದಾದರೂ ಹೇಗೆ?

ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ಈ ಪ್ರಶ್ನೆಗೆ ನಿತ್ಯವೂ ಪುರಾವೆ ದೊರೆಯುತ್ತದೆ. ವಿಜಯನಗರದ ಅಡ್ಡರಸ್ತೆಗಳಲ್ಲಿ, ಪಾದರಾಯನಪುರ, ಜಗಜೀವನರಾಮ್ ನಗರ ಮತ್ತು ಗೋರಿಪಾಳ್ಯದ ಓಣಿಗಳಲ್ಲಿ 20 ಅಡಿ ಅಗಲ, 30 ಅಡಿ ಉದ್ದದ ನಿವೇಶನವೇ ದೊಡ್ಡದು. ಅದನ್ನೂ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಮೂರು ಅಂತಸ್ತು ಏರಿಸಿರುತ್ತಾರೆ. ಸ್ನಾನಗೃಹ ಕನಿಷ್ಠ 1.8 ಚದರ ಮೀಟರ್, ಸ್ನಾನಗೃಹ ಮತ್ತು ಶೌಚಾಲಯ ಒಟ್ಟಿಗಿದ್ದರೆ 2.8 ಚದರ ಮೀಟರ್ ಇರಬೇಕು, ಅದರ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆದರೆ ಮೂರೂ ಕಡೆ ನೆರೆಮನೆಯ ಗೋಡೆಗೆ ತಾಗಿ ನಿಂತ ಮನೆಯಲ್ಲಿ ಹೊರಗಾಳಿ ಎಲ್ಲಿಂದ ಬರಬೇಕು? ಗಾಳಿಕಂಡಿ ಇದ್ದರೂ ಅದು ಪಕ್ಕದ ಮನೆಯ ಇಟ್ಟಿಗೆಯನ್ನು ನೋಡುತ್ತಿರುತ್ತದೆ. ಬೆಳಿಗ್ಗೆ ಏಳು ಜನ ಸ್ನಾನ ಮಾಡಿದ ನೆಲ ಸಂಜೆಯವರೆಗೂ ಒಣಗುವುದಿಲ್ಲ. ಸದಾ ತೇವವಾಗಿರುವ ಬಟ್ಟೆ ಮತ್ತು ಚರ್ಮ ಶಿಲೀಂಧ್ರಕ್ಕೆ ಅತ್ಯಂತ ಪ್ರಿಯವಾದ ತಾಣ. ಇಂತಹ ಗಾಳಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಅಳವಡಿಸಿ, ಕಾರ್ಬನ್ ಮೊನಾಕ್ಸೈಡ್‌ನಿಂದ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಈ ನಗರ ಮತ್ತೆ ಮತ್ತೆ ಓದಿದೆ. ಕಿಟಕಿಯ ಅಭಾವ ಒಮ್ಮೆಗೇ ಕೊಂದಾಗ ಅದು ಸುದ್ದಿಯಾಗುತ್ತದೆ. ವರ್ಷಗಟ್ಟಲೆ ತುರಿಕೆ, ಉರಿ ಮತ್ತು ಬಿಳಿಸ್ರಾವದ ರೂಪದಲ್ಲಿ ಕಾಡಿದಾಗ ಅದು ಯಾರ ಕಿವಿಗೂ ಬೀಳುವುದಿಲ್ಲ.

ಮುಟ್ಟಿನ ದಿನಗಳಲ್ಲಿ ಈ ಸಂಕಟ ಇಮ್ಮಡಿಯಾಗುತ್ತದೆ. ಬಟ್ಟೆಯನ್ನು ಬಳಸುವ ಮಹಿಳೆ ಅದನ್ನು ಸೋಪಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿದರೆ ಅಪಾಯವಿಲ್ಲ. ಆದರೆ ತಾರಸಿಯ ಮೇಲೆ ಬಾಡಿಗೆದಾರರೆಲ್ಲರ ಕಣ್ಣು. ಆದ್ದರಿಂದ ಅದು ಬಚ್ಚಲಿನ ಬಾಗಿಲ ಹಿಂದೆ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಅರೆಬರೆ ಒಣಗುತ್ತದೆ. ಒಡಿಶಾದ ಆಸ್ಪತ್ರೆಗಳಿಗೆ ಬಂದ ಮಹಿಳೆಯರ ಕುರಿತು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನೇ ಪರಿಶೀಲಿಸಿತ್ತು. ಬಟ್ಟೆಯನ್ನು ಮನೆಯೊಳಗೇ ಒಣಗಿಸುವವರಲ್ಲಿ ಮತ್ತು ಶೌಚಾಲಯದೊಳಗೆ ಬಚ್ಚಿಡುವವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚಾಗಿರುವುದನ್ನು ಅದು ಗುರುತಿಸಿತು. ಆ ಮಹಿಳೆಯರಿಗೆ ಶುಚಿತ್ವದ ಅರಿವಿರಲಿಲ್ಲವೆಂದು ಹೇಳಿ ಕೈತೊಳೆದುಕೊಳ್ಳಲಾಗದು. ಬಿಸಿಲು ಬೀಳುವ, ಆದರೆ ಇತರರ ನೋಟ ಬೀಳದ ಒಂದು ಮೊಳ ಜಾಗ ಅವರಿಗಿರಲಿಲ್ಲ.

ಈ ಕೊರತೆಯನ್ನು ಮಾರುಕಟ್ಟೆ ತನ್ನದೇ ರೀತಿಯಲ್ಲಿ ಬಳಸಿಕೊಳ್ಳುತ್ತಿದೆ. ಗುಪ್ತಾಂಗವನ್ನು ಸುಗಂಧಗೊಳಿಸುವ ದ್ರಾವಣಗಳ ಬಾಟಲಿಗಳು ಬಸವೇಶ್ವರನಗರದ ಔಷಧದಂಗಡಿಯಲ್ಲೂ ಸಾಲಾಗಿ ನಿಂತಿವೆ. ಆದರೆ ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಅಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಸಹಜವಾದ ಆಮ್ಲೀಯತೆಯನ್ನು ಕಾಪಾಡುತ್ತದೆ. ಸೋಪು ಮತ್ತು ಸುಗಂಧ ದ್ರಾವಣಗಳಿಂದ ಒಳಗೆ ತೊಳೆಯುವುದು ಆ ರಕ್ಷಣೆಯನ್ನೇ ಕೆಡಿಸುತ್ತದೆ. ಹೊರಭಾಗಕ್ಕೆ ಶುದ್ಧ ನೀರು ಸಾಕು. ಸಮಸ್ಯೆ ಇರುವುದು ಕಟ್ಟಡದಲ್ಲಿ, ಚಿಕಿತ್ಸೆಯೆಂದು ಮಾರಾಟವಾಗುತ್ತಿರುವುದು ಬಾಟಲಿ! 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರ ಟ್ಯಾಂಕರ್‌ಗಳ ಹಿಂದೆ ಓಡಿದಾಗ, ಆ ಶುದ್ಧ ನೀರೂ ಎಷ್ಟು ದುರ್ಲಭವೆಂಬುದನ್ನು ನಾವು ಕಂಡಿದ್ದೇವೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪ್ರಾಧ್ಯಾಪಕ ಅಲೆಕ್ಸಾಂಡರ್ ಕೀರಾ ಅವರು 1966ರಲ್ಲೇ ಸ್ನಾನಗೃಹದ ಕುರಿತ ತಮ್ಮ ಗ್ರಂಥದಲ್ಲಿ, ನಮ್ಮ ಶೌಚ ಸಲಕರಣೆಗಳು ಮನುಷ್ಯನ ದೇಹವನ್ನು ಗಮನಿಸಿ ರೂಪುಗೊಂಡವುಗಳಲ್ಲವೆಂದು ವಾದಿಸಿದ್ದರು. ಬ್ರಿಟನ್ನಿನಲ್ಲಿ 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ನಿರ್ದಿಷ್ಟವಾಗಿತ್ತು. ಸಾರ್ವಜನಿಕ ಶೌಚಾಲಯಗಳಲ್ಲಿ ಕೊಳಕಿಗೆ ಹೇಸಿ, ಕಮೋಡಿಗೆ ತಾಗದಂತೆ ಅರೆಬಾಗಿ ನಿಲ್ಲುವ ಮಹಿಳೆಯರ ಮೂತ್ರಕೋಶ ಪೂರ್ತಿಯಾಗಿ ಬರಿದಾಗುವುದಿಲ್ಲವೆಂದು ಅದು ತೋರಿಸಿತು. ಹಾಗೆ ಉಳಿಯುವ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅಂದರೆ ಕೊಳಕು ಶೌಚಾಲಯವನ್ನು ಮುಟ್ಟದಿದ್ದರೂ ಅದು ರೋಗಕ್ಕೆ ದಾರಿಯಾಗಬಲ್ಲುದು.

ಮನೆಯಿಂದ ಹೊರಗೆ ದುಡಿಯುವ ಮಹಿಳೆಯ ಪರಿಸ್ಥಿತಿ ಇನ್ನೂ ಕಠಿಣ. ಮೈಸೂರು ರಸ್ತೆ, ಕೆಂಗೇರಿ ಮತ್ತು ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಸಾವಿರಾರು ಮಹಿಳೆಯರು ಗಂಟೆಗೆ ಇಷ್ಟು ತುಂಡು ಎಂಬ ಲೆಕ್ಕದಲ್ಲಿ ಹೊಲಿಯುತ್ತಾರೆ. ಪ್ರತಿ 25 ಮಹಿಳೆಯರಿಗೆ ಒಂದು ಶೌಚಾಲಯವೆಂದು ಕಾರ್ಖಾನೆ ನಿಯಮಗಳು ದಶಕಗಳ ಹಿಂದೆಯೇ ವಿಧಿಸಿದ್ದವು. ಆದರೆ ಲೆಕ್ಕಕ್ಕೆ ಸಿಗುವುದು ಬಾಗಿಲುಗಳ ಸಂಖ್ಯೆ ಮಾತ್ರ. ಒಳಗೆ ನೀರಿದೆಯೇ, ಚಿಲಕವಿದೆಯೇ, ಬಟ್ಟೆ ತೂಗುಹಾಕಲು ಕೊಕ್ಕೆಯಿದೆಯೇ, ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿಯಿದೆಯೇ, ಹೋಗಿ ಬರಲು ಮೇಲ್ವಿಚಾರಕ ಅನುಮತಿಸುವನೇ ಎಂದು ಯಾರು ಕೇಳುತ್ತಾರೆ? ಇದಕ್ಕೆ ಮಹಿಳೆ ಕಂಡುಕೊಂಡ ಉಪಾಯ ನೀರು ಕುಡಿಯದಿರುವುದು. ವಿಜಯನಗರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವಳದ್ದೂ ಅದೇ ಉಪಾಯ. ರಾಜ್ಯ ಸರಕಾರವು 2025ರಲ್ಲಿ ತಿಂಗಳಿಗೊಂದು ದಿನದ ವೇತನಸಹಿತ ಋತುಚಕ್ರ ರಜೆಯನ್ನು ಘೋಷಿಸಿದ್ದು ಸ್ವಾಗತಾರ್ಹ. ಆದರೆ ರಜೆ ಒಂದು ದಿನದ್ದು, ಶೌಚಾಲಯದ ಅಗತ್ಯ ಉಳಿದೆಲ್ಲ ದಿನಗಳದ್ದು. ಮೇಲಾಗಿ, ಬೀದಿಯಲ್ಲಿ ಸೊಪ್ಪು ಮಾರುವವಳಿಗೆ ರಜೆ ಕೊಡುವವರು ಯಾರು?

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಬಳಿಕ ಮಹಿಳೆಯರು ಬಸ್ಸುಗಳಲ್ಲಿ ಹಿಂದೆಂದಿಗಿಂತ ಹೆಚ್ಚಾಗಿ ಸಂಚರಿಸುತ್ತಿದ್ದಾರೆ. ಅವರಿಗೆ ಉಚಿತ ಟಿಕೆಟ್ ಕೊಟ್ಟ ಸರಕಾರ, ಇಳಿದ ಮೇಲೆ ಅವರು ಎಲ್ಲಿಗೆ ಹೋಗಬೇಕೆಂದೂ ಯೋಚಿಸಬೇಕಾಗಿದೆ. ಇದು ಅಸಾಧ್ಯವೇನಲ್ಲ. 2020ರ ಆಗಸ್ಟ್‌ನಲ್ಲಿ ಕೆಎಸ್ಸಾರ್ಟಿಸಿಯು ಗುಜರಿಗೆ ಹೋಗಬೇಕಿದ್ದ ಹಳೆಯ ಬಸ್ಸೊಂದನ್ನು ಮಹಿಳಾ ಶೌಚಾಲಯವಾಗಿ ಮಾರ್ಪಡಿಸಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತ್ತು. ಅದರೊಳಗೆ ಭಾರತೀಯ ಮತ್ತು ಪಾಶ್ಚಾತ್ಯ ಮಾದರಿಯ ಶೌಚಾಲಯಗಳೂ ನ್ಯಾಪ್‌ಕಿನ್ ಯಂತ್ರವೂ ಮಗುವಿಗೆ ಹಾಲೂಡಿಸುವ ಸ್ಥಳವೂ ಇದ್ದುವು. ಒಂದು ಹಳೆಯ ಬಸ್ಸಿನ ಅಗಲದಲ್ಲಿ ಇಷ್ಟೆಲ್ಲ ಸಾಧ್ಯವಾಗಿದ್ದರೆ, ವಿಜಯನಗರ ಮತ್ತು ಕೆಂಗೇರಿಯ ವಿಶಾಲವಾದ ಬಸ್ ನಿಲ್ದಾಣಗಳಲ್ಲಿ, ರಾಜಾಜಿನಗರದ ವಾಣಿಜ್ಯ ಸಂಕೀರ್ಣಗಳಲ್ಲಿ ಏಕೆ ಸಾಧ್ಯವಾಗದು? ಕೊರತೆಯಿರುವುದು ಜಾಗದ್ದಲ್ಲ, ಯೋಚನೆಯದ್ದು.

ಸರಕಾರವನ್ನು ಪ್ರಶ್ನಿಸುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತಿದೆ. ಇವೆರಡರಲ್ಲೂ ನಾವು ಹಿಂದೆ ಬಿದ್ದಿಲ್ಲ. ಆದರೆ ಸಾವಿರ ಜನ ಸೇರುವ ಶಾದಿ ಮಹಲ್‌ಗಳಲ್ಲಿ ಮಹಿಳೆಯರ ಪಾಲಿಗೆ ಎಷ್ಟು ಶೌಚಾಲಯಗಳಿವೆ? ಮಗುವನ್ನು ಎತ್ತಿಕೊಂಡ ತಾಯಿ, ಮಂಡಿನೋವಿನ ಅಜ್ಜಿ ಅಲ್ಲಿ ಏನು ಮಾಡಬೇಕು? ಮದ್ರಸಗಳಲ್ಲಿ ಕರ್ಮಶಾಸ್ತ್ರದ ಪಾಠ ಆರಂಭವಾಗುವುದೇ ಶುದ್ಧಿಯ ಅಧ್ಯಾಯದಿಂದ. ನೀರಿನಿಂದ ಶೌಚ ಮಾಡುವ ಕ್ರಮವನ್ನು, ಮುಟ್ಟಿನ ಬಳಿಕದ ಸ್ನಾನವನ್ನು ಅಲ್ಲಿ ಸಂಕೋಚವಿಲ್ಲದೆ ಕಲಿಸಲಾಗುತ್ತದೆ. ಆದರೆ ಹೆಣ್ಣುಮಕ್ಕಳು ಕಲಿಯುವ ಅದೆಷ್ಟೋ ಮದ್ರಸಗಳ ಶೌಚಾಲಯದಲ್ಲಿ ಒಂದು ಕಸದ ಬುಟ್ಟಿಯೂ ಇರುವುದಿಲ್ಲ. ಲಜ್ಜೆಯ ವಿಷಯವೆಂದು ಬಾಯಿ ಮುಚ್ಚಿಸುವವರು ಒಂದನ್ನು ನೆನಪಿಡಲಿ. ಮುಟ್ಟಿನ ಬಳಿಕದ ಶುದ್ಧೀಕರಣದ ಕುರಿತು ಮಹಿಳೆಯೊಬ್ಬರು ಪ್ರವಾದಿಯವರಲ್ಲಿ(ಸ) ನೇರವಾಗಿ ಪ್ರಶ್ನಿಸಿದ್ದರು. ಅರಿವನ್ನು ಪಡೆಯಲು ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹ. ಆಯಿಶಾ(ರ) ಅನ್ಸಾರ್ ಮಹಿಳೆಯರನ್ನು ಪ್ರಶಂಸಿಸಿದ್ದರು.

ಹಾಗಾದರೆ ಮಾಡಬೇಕಾದುದೇನು? ಮನೆ ಕಟ್ಟುವವರು ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ಮನೆಯ ಮಹಿಳೆಯರ ಮುಂದಿಡಲಿ. ಒಂದು ಗೋಡೆ ಆಕಾಶಕ್ಕೆ ತೆರೆದಿರಲಿ. ಅದು ಸಾಧ್ಯವಿಲ್ಲದಿದ್ದರೆ ಗಾಳಿಯನ್ನು ಹೊರದೂಡುವ ಫ್ಯಾನ್ ಇರಲಿ. ನೆಲ ಇಳಿಜಾರಾಗಿರಲಿ, ಸ್ನಾನದ ಮತ್ತು ಶೌಚದ ಜಾಗದ ನಡುವೆ ಒಂದು ಸಣ್ಣ ಕಟ್ಟೆಯಿರಲಿ. ಕುಳಿತ ಕೈಗೆ ಎಟುಕುವ ನಲ್ಲಿ, ಒಂದು ಕೊಕ್ಕೆ, ಒಂದು ಒಣ ಗೂಡು, ಮುಚ್ಚಳದ ಬುಟ್ಟಿ, ವಯಸ್ಸಾದವರಿಗೆ ಗೋಡೆಯಲ್ಲೊಂದು ಹಿಡಿಕೆ ಇರಲಿ. ತಾರಸಿಯಲ್ಲಿ ಮಹಿಳೆಯರು ಬಟ್ಟೆ ಒಣಗಿಸಲು ಮರೆಯೊಂದನ್ನು ಕಟ್ಟಿಸಲಿ. ಮುಂಬಾಗಿಲಿನ ಕೆತ್ತನೆಯಲ್ಲಿ ಒಂದಿಷ್ಟು ಉಳಿಸಿದರೆ ಇವೆಲ್ಲವೂ ಆಗಿಬಿಡುತ್ತವೆ. ಬಾಡಿಗೆ ಹೆಚ್ಚಿಸುವಾಗ ಮನೆಮಾಲಕರು ಬಚ್ಚಲಿನ ಗಾಳಿಕಂಡಿಯನ್ನೂ ಒಮ್ಮೆ ನೋಡಲಿ.

ನ್ಯಾಯಾಲಯಗಳಲ್ಲಿನ ಶೌಚಾಲಯಗಳ ಕುರಿತು 2025ರ ಜನವರಿ 15ರಂದು ನೀಡಿದ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟ್, ಶೌಚಾಲಯದ ಲಭ್ಯತೆಯನ್ನು ಘನತೆಯ ಬದುಕಿನ ಹಕ್ಕಿನೊಂದಿಗೆ ಜೋಡಿಸಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ವಿಭಜನೆಗೊಂಡಿತು. ಹಳೆಯ ಪಾಲಿಕೆ ದೂರದಲ್ಲಿತ್ತು, ದೊಡ್ಡದಾಗಿತ್ತು ಎಂಬ ನೆಪ ಪಶ್ಚಿಮ ನಗರಪಾಲಿಕೆಗೆ ಇನ್ನಿಲ್ಲ. ಕಟ್ಟಡ ಪರವಾನಿಗೆ ನೀಡುವಾಗ ಅದು ಬಚ್ಚಲಿನ ಗಾಳಿ-ಬೆಳಕನ್ನು ಕಾಗದದಲ್ಲಲ್ಲ, ಸ್ಥಳದಲ್ಲಿ ಪರಿಶೀಲಿಸಲಿ. ಮಾರುಕಟ್ಟೆ ಮತ್ತು ನಿಲ್ದಾಣಗಳ ಶೌಚಾಲಯಗಳ ನಿರ್ವಹಣೆಯ ಉಸ್ತುವಾರಿಯಲ್ಲಿ ಅಲ್ಲಿ ದುಡಿಯುವ ಮಹಿಳೆಯರನ್ನೇ ಸೇರಿಸಲಿ. ಮತ ಕೇಳಲು ಬರುವವರಿಗೆ ರಸ್ತೆ ಮತ್ತು ಚರಂಡಿಯ ಜೊತೆಗೆ ಇದನ್ನೂ ಕೇಳುವ ಧೈರ್ಯ ನಮ್ಮ ಮಹಿಳೆಯರಿಗೂ ಬರಲಿ, ಅವರ ಪರವಾಗಿ ಕೇಳುವ ವಿವೇಕ ನಮ್ಮ ಪುರುಷರಿಗೂ ಬರಲಿ.