ನೆಗಡಿಗೆ ಮೂಗು ಕೊಯ್ಯುವ ಕಾನೂನು

ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗಣಕಯಂತ್ರ ಹಾಗೂ ಮೊಬೈಲುಗಳ ಮೂಲಕ ನಡೆಯುವ ಅಪರಾಧಗಳನ್ನು ತಡೆಯಲೆಂದು ನಮ್ಮ ದೇಶದಲ್ಲಿ ಮಾಡಿದ ಒಂದು ಕಾನೂನಿನ ಕಥೆ ನೆನೆದಾಗಲೆಲ್ಲ ನಮಗೆ ಈ ಗಾದೆಯೇ ನೆನಪಾಗುತ್ತದೆ.

ಅಂತಹ ಅಪರಾಧಗಳು ಇಲ್ಲವೆಂದು ನಾವು ಹೇಳಲಾರೆವು. ಒಂದು ದೂರವಾಣಿ ಕರೆಯಿಂದ ನಿವೃತ್ತಿ ವೇತನದ ಹಣವನ್ನೆಲ್ಲ ಕಳೆದುಕೊಂಡ ವೃದ್ಧರೂ, ಭಾವಚಿತ್ರದ ದುರುಪಯೋಗದಿಂದ ನೊಂದ ಹೆಣ್ಣುಮಕ್ಕಳೂ ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಕಾನೂನಿನ ರಕ್ಷಣೆ ಬೇಕೇ ಬೇಕು. ಆದರೆ ಕಳ್ಳನಿಗೆಂದು ಬೀಸಿದ ಬಲೆಯಲ್ಲಿ ಮಾತನಾಡುವವನು ಸಿಕ್ಕಿಬಿದ್ದರೆ ಅದನ್ನು ರಕ್ಷಣೆ ಎನ್ನಲಾದೀತೇ?

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸಂಸತ್ತು 2008ರಲ್ಲಿ ತಿದ್ದುಪಡಿ ಮಾಡಿ 66ಎ ಎಂಬ ಕಲಮನ್ನು ಸೇರಿಸಿತು. 2009ರ ಅಕ್ಟೋಬರ್‌ನಲ್ಲಿ ಅದು ಜಾರಿಗೆ ಬಂದಿತು. ತೀರಾ ಆಕ್ಷೇಪಾರ್ಹವಾದ ಸಂದೇಶ, ಪರರಿಗೆ ಕಿರಿಕಿರಿ ಅಥವಾ ಅನನುಕೂಲ ಮಾಡಲೆಂದು ಕಳುಹಿಸಿದ ಸಂದೇಶ ಇವೆಲ್ಲವೂ ಅಪರಾಧವಾದವು. ಶಿಕ್ಷೆ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಆದರೆ ಕಿರಿಕಿರಿ ಎಂದರೇನು, ಯಾರಿಗಾದ ಕಿರಿಕಿರಿ, ಅದನ್ನು ಅಳೆಯುವವರು ಯಾರು ಎಂಬುದನ್ನು ಕಾಯಿದೆ ಹೇಳಲಿಲ್ಲ. ಅಳತೆಗೋಲು ಠಾಣೆಯ ಅಧಿಕಾರಿಯ ಕೈಗೆ ಹೋಯಿತು.

ಫಲವನ್ನು 2012ರಲ್ಲಿ ಕಂಡೆವು. ಏಪ್ರಿಲ್‌ನಲ್ಲಿ, ಮುಖ್ಯಮಂತ್ರಿಗಳನ್ನು ಕುರಿತ ವ್ಯಂಗ್ಯಚಿತ್ರವೊಂದನ್ನು ಇತರರಿಗೆ ಕಳುಹಿಸಿದ್ದಕ್ಕಾಗಿ ಕೋಲ್ಕತ್ತದ ಪ್ರಾಧ್ಯಾಪಕರೊಬ್ಬರ ಬಂಧನವಾಯಿತು. ನವೆಂಬರ್‌ನಲ್ಲಿ ಬಾಳ ಠಾಕ್ರೆಯವರು ನಿಧನರಾದಾಗ ಮುಂಬಯಿ ಸ್ತಬ್ಧವಾದುದನ್ನು ಪಾಲ್ಘರದ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದಳು. ಅವಳ ಗೆಳತಿ ಅದಕ್ಕೆ ಮೆಚ್ಚುಗೆ ಸೂಚಿಸಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಮುಂದೆ ಆ ಮೊಕದ್ದಮೆಯನ್ನು ಕೈಬಿಟ್ಟರು, ನಿಜ. ಆದರೆ ಠಾಣೆಯ ಮೆಟ್ಟಿಲು ಹತ್ತಿದ ಮಗಳನ್ನು ಕಂಡ ತಾಯ್ತಂದೆಯರ ಸಂಕಟವನ್ನು ಯಾವ ಆದೇಶ ಅಳಿಸೀತು?

ಶ್ರೇಯಾ ಸಿಂಘಾಲ್ ಎಂಬ ಯುವತಿ ಈ ಕಲಮನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕಳು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚಲಮೇಶ್ವರ್ ಮತ್ತು ನ್ಯಾಯಮೂರ್ತಿ ನಾರಿಮನ್ ಅವರ ಪೀಠವು ಕಲಮನ್ನು ಪೂರ್ಣವಾಗಿ ರದ್ದುಗೊಳಿಸಿತು. ಚರ್ಚಿಸುವುದು ಬೇರೆ, ಒಂದು ಅಭಿಪ್ರಾಯವನ್ನು ಪ್ರತಿಪಾದಿಸುವುದು ಬೇರೆ, ಪ್ರಚೋದಿಸುವುದು ಬೇರೆ. ಮಾತು ಪ್ರಚೋದನೆಯ ಹಂತ ಮುಟ್ಟಿದಾಗಲೇ ನಿರ್ಬಂಧದ ಪ್ರಶ್ನೆ ಏಳುವುದೆಂದು ಆ ತೀರ್ಪು ತಿಳಿಸಿತು.

ಸತ್ತ ಕಾನೂನು ಸುಲಭವಾಗಿ ಮಣ್ಣಾಗುವುದಿಲ್ಲ. ತೀರ್ಪಿನ ನಂತರವೂ ಹಲವೆಡೆ ಅದೇ ಕಲಮಿನಡಿ ಮೊಕದ್ದಮೆಗಳು ದಾಖಲಾಗುತ್ತಲೇ ಇದ್ದವು. 2022ರ ಅಕ್ಟೋಬರ್‌ನಲ್ಲಿ, ಇನ್ನು ಯಾರನ್ನೂ ಈ ಕಲಮಿನಡಿ ವಿಚಾರಣೆಗೆ ಗುರಿಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆ ಆದೇಶಿಸಬೇಕಾಯಿತು. ಕೇರಳದಲ್ಲಿ 2020ರ ನವೆಂಬರ್‌ನಲ್ಲಿ ಇಂತಹುದೇ 118ಎ ಎಂಬ ಕಲಮು ಸುಗ್ರೀವಾಜ್ಞೆಯ ಮೂಲಕ ಬಂದಿತು. ಜನರ ವಿರೋಧ ಎದ್ದೊಡನೆ ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಸಂಖ್ಯೆ ಬದಲಾಗುತ್ತದೆ, ಪಕ್ಷ ಬದಲಾಗುತ್ತದೆ. ಟೀಕೆಗೆ ಅಂಜುವ ಅಧಿಕಾರದ ಸ್ವಭಾವ ಬದಲಾಗುವುದಿಲ್ಲ.

ಆದುದರಿಂದ ಹೊಸ ಕಾನೂನು ಬಂದಾಗಲೆಲ್ಲ ಅದರ ಉದ್ದೇಶವನ್ನು ಮಾತ್ರವಲ್ಲ, ಅದರ ಶಬ್ದಗಳನ್ನೂ ಓದಬೇಕೆಂದು ನಮ್ಮ ಬಿನ್ನಹ. ಹಣ ಲಪಟಾಯಿಸುವುದು, ಬೆದರಿಸುವುದು, ಮಾನ ಕಳೆಯುವುದು ಇವು ಸ್ಪಷ್ಟ ಹಾನಿಗಳು. ಇವನ್ನು ಕಠಿಣವಾಗಿ ಶಿಕ್ಷಿಸಲಿ. ಮನಸ್ಸಿಗೆ ಹಿತವೆನಿಸದ ಮಾತು ಅಪರಾಧವಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಮೊಬೈಲು ಬಂದಿದೆ. ಸತ್ಯವನ್ನೇ ಬರೆಯಿರಿ, ಸಭ್ಯವಾಗಿ ಬರೆಯಿರಿ ಎಂದು ಅವರಿಗೆ ಅವಶ್ಯವಾಗಿ ಕಲಿಸೋಣ. ಆದರೆ ಬರೆಯಲೇಬೇಡಿರೆಂದು ಕಲಿಸದಿರೋಣ. ಹೆದರಿ ಬಾಯಿ ಮುಚ್ಚುವುದನ್ನು ಮನೆಯಲ್ಲೇ ಕಲಿತ ಮಗು ನಾಳೆ ಅನ್ಯಾಯ ಕಂಡಾಗಲೂ ಬಾಯಿ ತೆರೆಯಲಾರದು.