ಗೇಮ್ ಸ್ಪರ್ಧೆ: ನಿಯಮ ಕನ್ನಡದಲ್ಲೂ ಇರಲಿ

ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲೇ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. 2024–29ರ ಹೊಸ ನೀತಿಯೂ ಬಂದಿದೆ. ಆದರೆ ವಿದ್ಯಾರ್ಥಿಗಳ ಗೇಮ್ ತಯಾರಿಕೆ ಸ್ಪರ್ಧೆಯೊಂದರ ನಿಯಮಾವಳಿ ಮಗಳ ಕೈಗೆ ಬಂದಾಗ ಅಷ್ಟೂ ಪುಟ ಇಂಗ್ಲಿಷ್. ತಂಡದಲ್ಲಿ ಎಷ್ಟು ಮಂದಿ ಇರಬಹುದು, ಬೇರೆಯವರ ಚಿತ್ರ, ಸಂಗೀತ ಬಳಸಬಹುದೇ, ಗೆದ್ದ ಆಟದ ಹಕ್ಕು ಯಾರದು ಎಂದು ಬಿಡಿಸಿಕೊಳ್ಳುವಷ್ಟರಲ್ಲಿ ಕೊನೆಯ ದಿನ ಕಳೆದಿತ್ತು.

ಗೇಮ್ ತಯಾರಿಸಲು ಗೊಡೊ, ಬ್ಲೆಂಡರ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಗೇಮ್ ಆಗಿಸಬಹುದಾದ ಚೌಕಾಬಾರ, ಅಳಗುಳಿಮನೆ, ಹುಲಿ–ಕುರಿ ಆಟಗಳು ನಮ್ಮ ಜಗಲಿಯಲ್ಲೇ ಇವೆ. ಇನ್ನು ಬೇಕಿರುವುದು ಕನ್ನಡದಲ್ಲಿ ಒಂದು ಪುಟದ ನಿಯಮ, ಸಂಜೆಯೂ ಬಾಗಿಲು ತೆರೆದಿರುವ ಶಾಲೆಯ ಕಂಪ್ಯೂಟರ್ ಕೊಠಡಿ. ಸಂಘಟಕರೂ ಶಿಕ್ಷಣ ಇಲಾಖೆಯೂ ಇತ್ತ ಗಮನ ಹರಿಸಲಿ.

– ಒಬ್ಬ ಪೋಷಕ, ಮಧುಗಿರಿ